ದಾಸವಾಳದ ಬಿಳಿ ಹಿಟ್ಟು, ಹಿಪ್ಪುನೇರಳೆಯ ಮುದುಡಿದ ಕುಡಿ

ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿಯ ಕಡೆ ರೇಷ್ಮೆಯನ್ನೇ ಕಾಯಕವಾಗಿ ನಂಬಿದ ಮನೆಗಳಲ್ಲಿ ಹಿತ್ತಲಿಗೂ ಹಿಪ್ಪುನೇರಳೆ ತೋಟಕ್ಕೂ ಅಂತರ ಬಹಳ ಕಡಿಮೆ. ಬಚ್ಚಲ ನೀರು ಹರಿಯುವೆಡೆ ನಾಲ್ಕು ದಾಸವಾಳ, ಒಂದು ಕಣಗಿಲೆ, ಮೂಲೆಯಲ್ಲಿ ಬಿಲ್ವ, ಬೇಲಿಯಂಚಿಗೆ ಪರಂಗಿ. ಬೇಲಿಯಾಚೆ ಸೊಪ್ಪಿನ ತೋಟ. ತೋಟದ ಬದಿಯಲ್ಲಿಯೇ ಹುಳುಮನೆ. ಹಿತ್ತಲಿನ ಹೂವು ಪೂಜೆಗೆ, ತೋಟದ ಸೊಪ್ಪು ಹುಳುವಿಗೆ. ಒಂದು ಗೃಹಿಣಿಯರ ಪಾಲಿನದು, ಇನ್ನೊಂದು ಯಜಮಾನರ ಪಾಲಿನದು ಎಂದು ಎಷ್ಟೋ ಮನೆಗಳಲ್ಲಿ ಭಾವಿಸುವುದುಂಟು. ಆದರೆ ಕೀಟಗಳು ಈ ಪಾಲುಪಟ್ಟಿಯನ್ನು ಒಪ್ಪುವುದಿಲ್ಲ. ಹಿತ್ತಲಿನ ದಾಸವಾಳದ ಕುಡಿಯಲ್ಲಿ ಕಾಣುವ ಬಿಳಿ ಹಿಟ್ಟೂ, ತೋಟದಲ್ಲಿ ಹಿಪ್ಪುನೇರಳೆಯ ಕುಡಿ ಮುದುಡಿ ಗಂಟುಗಟ್ಟುವ ‘ಟುಕ್ರಾ’ ಎಂಬ ಬಾಧೆಯೂ ಬಹುಮಟ್ಟಿಗೆ ಒಂದೇ ಕೀಟದ ಕೆಲಸ. ಅದರ ಹೆಸರು ಹಿಟ್ಟು ತಿಗಣೆ.

ಈ ಲೇಖನವನ್ನು ಬರೆಯುವ ಅಗತ್ಯ ಕಂಡುಬಂದುದು ಇಲ್ಲಿಯೇ. ಹೂಗಿಡಕ್ಕೆ ಹುಳು ಬಿದ್ದೊಡನೆ ಪೇಟೆಯ ಔಷಧಿ ಅಂಗಡಿಯಿಂದ ಸೀಸೆಯೊಂದನ್ನು ತಂದು ಹೊಡೆಯುವುದು ಇಂದು ರೂಢಿಯಾಗಿಬಿಟ್ಟಿದೆ. ಬೇರೆ ಊರುಗಳಲ್ಲಿ ಇದರಿಂದಾಗುವ ಹಾನಿ ತಡವಾಗಿ ತಿಳಿದೀತು. ರೇಷ್ಮೆಯ ಊರಿನಲ್ಲಿ ಅದು ಮರುದಿನವೇ ತಿಳಿಯುತ್ತದೆ. ರೇಷ್ಮೆಹುಳುವೂ ಒಂದು ಕೀಟ. ಕೀಟಕ್ಕೆಂದು ಮಾಡಿದ ವಿಷ ಅದಕ್ಕೆ ರಿಯಾಯಿತಿ ತೋರುವುದಿಲ್ಲ. ಸುಮಾರು ಇಪ್ಪತ್ತೈದು ದಿನಗಳ ಸಾಕಣೆಯಲ್ಲಿ ಹುಳು ತಿನ್ನುವ ಒಟ್ಟು ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚು ಖರ್ಚಾಗುವುದು ನಾಲ್ಕನೇ ಜ್ವರ ಎದ್ದ ಮೇಲಿನ ಕೊನೆಯ ವಾರದಲ್ಲಿ. ಮೊಟ್ಟೆಯ ಹಣ, ಆಳಿನ ಕೂಲಿ, ಗೊಬ್ಬರ, ನೀರು, ಮನೆಮಂದಿಯ ನಿದ್ರೆ ಎಲ್ಲವೂ ಆ ವೇಳೆಗೆ ಸುರಿದಾಗಿರುತ್ತದೆ. ಆ ವಾರದಲ್ಲಿ ಗಾಳಿಗೆ ತೇಲಿಬಂದ ಔಷಧಿಯ ಹನಿ ಬಿದ್ದ ಸೊಪ್ಪು ತಟ್ಟೆಗೆ ಹೋದರೆ ಹುಳು ತಲೆಯೆತ್ತಿ ತೊನೆದಾಡುತ್ತದೆ, ಬಾಯಿಂದ ರಸ ಕಕ್ಕುತ್ತದೆ, ಮೈ ಕುಗ್ಗಿ ಸಾಯುತ್ತದೆ. ಆ ಮನೆಗೆ ಆ ಬೆಳೆಯಲ್ಲಿ ಗೂಡಿಲ್ಲ.

ಆದುದರಿಂದ ಹಿತ್ತಲಿನ ಪುಟ್ಟ ಕೀಟವನ್ನು ಮೊದಲು ಗುರುತಿಸಬೇಕು. ಕೈಗೆ ಸೀಸೆ ಬರುವುದು ಆಮೇಲಿನ ಮಾತು. ನಮ್ಮ ಅನುಭವದಲ್ಲಿ ಗುರುತಿಸಿದ ಮೇಲೆ ಹತ್ತರಲ್ಲಿ ಎಂಟು ಸಲ ಸೀಸೆಯ ಅಗತ್ಯವೇ ಬೀಳುವುದಿಲ್ಲ.

ಹಿಟ್ಟು ತಿಗಣೆಯನ್ನು ಕಣ್ಣಿಟ್ಟು ನೋಡಿದವರು ಕಡಿಮೆ. ದೂರದಿಂದ ನೋಡಿದರೆ ಕುಡಿಗೆ ಅಕ್ಕಿಹಿಟ್ಟು ಮೆತ್ತಿದಂತೆ, ಇಲ್ಲವೆ ಹತ್ತಿ ಅಂಟಿದಂತೆ ಕಾಣುತ್ತದೆ. ಆ ಹಿಟ್ಟು ಕೀಟ ತನ್ನ ಮೈಮೇಲೆ ತಾನೇ ಹೊದ್ದ ಮೇಣ. ಅದನ್ನು ಕಡ್ಡಿಯಿಂದ ಸರಿಸಿದರೆ ಅಕ್ಕಿಕಾಳಿಗಿಂತ ಚಿಕ್ಕದಾದ, ಮೂರು ಮಿಲಿಮೀಟರ್ ಉದ್ದದ ಮೆತ್ತನೆಯ ನಸುಗೆಂಪು ಕೀಟ ಕಾಣುತ್ತದೆ. ಸೂಜಿಯಂತಹ ಬಾಯಿಯನ್ನು ಎಳೆಯ ಕಾಂಡಕ್ಕೆ ಚುಚ್ಚಿ ರಸ ಹೀರುತ್ತಾ ಅದು ಅಲ್ಲಿಯೇ ಕುಳಿತಿರುತ್ತದೆ. ಹೆಣ್ಣು ಹತ್ತಿಯಂತಹ ಚೀಲದೊಳಗೆ ನೂರಾರು ಮೊಟ್ಟೆಗಳನ್ನಿಡುತ್ತದೆ. ಸುಮಾರು ಒಂದು ತಿಂಗಳಿನಲ್ಲಿ ಒಂದು ತಲೆಮಾರು ಮುಗಿಯುತ್ತದೆ. ಮೊಟ್ಟೆಯೊಡೆದ ಮರಿ ಕಣ್ಣಿಗೆ ಬೀಳುವುದೇ ಕಷ್ಟ. ಗಾಳಿ, ಇರುವೆ, ಸೊಪ್ಪು ಕೊಯ್ಯುವವರ ಬಟ್ಟೆ, ಹೊರೆ ಕಟ್ಟುವ ಗೋಣಿ, ಹೀಗೆ ಯಾವುದರ ಜೊತೆಗಾದರೂ ಅದು ಪ್ರಯಾಣ ಮಾಡಬಲ್ಲದು. ಬೇಸಿಗೆಯ ಒಣ ದಿನಗಳು ಅದಕ್ಕೆ ಹಬ್ಬ.

ಈ ಕೀಟ ರಸ ಹೀರುವಾಗ ತನ್ನ ಜೊಲ್ಲಿನಲ್ಲಿರುವ ವಿಷಾಂಶವನ್ನು ಗಿಡದೊಳಕ್ಕೆ ಬಿಡುತ್ತದೆ. ದಾಸವಾಳದ ಮೊಗ್ಗು ಅರಳದೆ ಉದುರುವುದು, ಎಲೆ ಸುಕ್ಕುಗಟ್ಟಿ ಗೊಂಚಲಾಗುವುದು ಅದರಿಂದಲೇ. ಹಿಪ್ಪುನೇರಳೆಯ ತುದಿ ಎಲೆಗಳು ದಪ್ಪವಾಗಿ, ಕಡುಹಸಿರಾಗಿ, ಮಡಿಚಿಕೊಂಡು, ಗೆಣ್ಣುಗಳ ನಡುವಿನ ಅಂತರ ಕುಗ್ಗಿ ಒಂದು ಮುದ್ದೆಯಂತಾಗುತ್ತವೆ. ಟುಕ್ರಾ ಎಂದರೆ ಇದೇ. ಇದನ್ನು ರೋಗವೆಂದು ಕರೆಯುವ ವಾಡಿಕೆ ಇದ್ದರೂ ಮುದುಡಿದ ಎಲೆಯನ್ನು ಬಿಡಿಸಿ ನೋಡಿದರೆ ಒಳಗೆ ಅದೇ ಬಿಳಿ ಹಿಟ್ಟು, ಅದೇ ನಸುಗೆಂಪು ತಿಗಣೆ. ಅಂತಹ ಸೊಪ್ಪಿನಲ್ಲಿ ಹುಳುವಿಗೆ ಬೇಕಾದ ಸತ್ವವೂ ಕಡಿಮೆ. ಇದೇ ಕೀಟ ನಮ್ಮ ಜಿಲ್ಲೆಯ ದ್ರಾಕ್ಷಿ ತೋಟಗಳಿಗೂ ಶತ್ರು; ಸೀಬೆ, ಸೀತಾಫಲಗಳನ್ನೂ ಬಿಡುವುದಿಲ್ಲ. ಹಿತ್ತಲಿನ ಒಂದು ದಾಸವಾಳ ವರ್ಷವಿಡೀ ಅದಕ್ಕೆ ತವರುಮನೆಯಾಗಿ ನಿಂತರೆ ತೋಟಕ್ಕೆ ಎಷ್ಟು ಸಲ ಮದ್ದು ಮಾಡಿದರೂ ಅದು ಮರಳಿ ಬರುತ್ತಲೇ ಇರುತ್ತದೆ.

ಇದಕ್ಕೆ ಹೊಡೆಯುವ ವಿಷದ ವಿಚಾರವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ಹಳೆಯ ಕೈಪಿಡಿಗಳನ್ನು ಕಾಪಾಡಿಕೊಂಡಿರುವ ಮನೆಗಳಲ್ಲಿ ಹಿಪ್ಪುನೇರಳೆಗೆ ಡೈಕ್ಲೋರ್ವಾಸ್, ಅಂದರೆ ಜನ ‘ನುವಾನ್’ ಎಂದು ಕರೆಯುತ್ತಿದ್ದ ಔಷಧಿಯನ್ನು ಸೂಚಿಸಿರುವುದನ್ನು ಕಾಣಬಹುದು. ಕೇಂದ್ರ ಸರ್ಕಾರ ೨೦೧೮ರಲ್ಲಿ ಹೊರಡಿಸಿದ ಆದೇಶದಂತೆ ೨೦೨೦ರ ಡಿಸೆಂಬರ್ ೩೧ರಿಂದ ಅದರ ಬಳಕೆ ನಿಷೇಧವಾಗಿದೆ. ಕೊಟ್ಟಿಗೆಯ ಅಟ್ಟದ ಮೇಲೆ ಹಳೆಯ ಸೀಸೆ ಉಳಿದಿದ್ದರೆ ಅದನ್ನು ಇಂದು ಬಳಸಲಾಗದು. ಮಕ್ಕಳ ಕೈಗೆ ಸಿಗುವಂತೆ ಇಡುವುದಂತೂ ಘೋರ ಅಪರಾಧ. ಗುಲಾಬಿಗೆಂದು ಈಗ ಹೆಚ್ಚಾಗಿ ಕೊಡುವ ಇಮಿಡಾಕ್ಲೋಪ್ರಿಡ್ ಗಿಡದ ರಸದೊಳಗೆ ಸೇರಿಕೊಂಡು ಬಹಳ ದಿನ ಉಳಿಯುವಂತಹದು. ಹಿಪ್ಪುನೇರಳೆಯ ಪಕ್ಕದಲ್ಲಿ ಅದನ್ನು ಹೊಡೆಯುವುದು ಬೆಂಕಿಯ ಪಕ್ಕದಲ್ಲಿ ಹುಲ್ಲು ಹರಡಿದಂತೆ.

ಅಂಗಡಿಯ ವಿಷ ಬೇಡ, ಮನೆಮದ್ದು ಮಾಡಿಕೊಳ್ಳುತ್ತೇವೆ ಎನ್ನುವವರೂ ಇದ್ದಾರೆ. ಅವರ ಉದ್ದೇಶ ಒಳ್ಳೆಯದು. ಆದರೆ ಹೊಗೆಸೊಪ್ಪಿನ ಕಷಾಯವನ್ನು ರೇಷ್ಮೆ ಮನೆಯ ಸುತ್ತ ಸುಳಿಯಗೊಡಬಾರದು. ಅದರಲ್ಲಿರುವ ನಿಕೋಟಿನ್ ರೇಷ್ಮೆಹುಳುವಿಗೆ ಕಡುವಿಷ. ಹೊಗೆಸೊಪ್ಪಿನ ಹೊಲದ ಬದಿಯಲ್ಲಿ ಹಿಪ್ಪುನೇರಳೆ ಹಾಕಬಾರದೆಂದು ತಿಳಿದವರು ಹೇಳುವುದು ಇದಕ್ಕಾಗಿಯೇ. ಬೇವು ನಮಗೆಲ್ಲ ಪೂಜ್ಯವಾದ ಮರ, ಅದರ ಎಣ್ಣೆ ಹಿತ್ತಲಿನ ಕೀಟಗಳಿಗೆ ಉತ್ತಮ ಮದ್ದೂ ಹೌದು. ಆದರೆ ಹುಳು ಜ್ವರಕ್ಕೆ ಕೂರುವುದನ್ನು, ಏಳುವುದನ್ನು ಕೆಡಿಸುವ ಶಕ್ತಿ ಅದರಲ್ಲಿದೆ. ಬೇವು ಸಿಂಪಡಿಸಿದ ಸೊಪ್ಪನ್ನು ಅವಧಿ ಕಳೆಯದೆ ಹುಳುವಿಗೆ ಕೊಡಕೂಡದು. ಸಹಜವಾದುದೆಲ್ಲ ನಿರಪಾಯವೆಂಬ ನಂಬಿಕೆ ಹುಳುಮನೆಯಲ್ಲಿ ನಡೆಯುವುದಿಲ್ಲ. ಸೊಳ್ಳೆಬತ್ತಿಯ ಹೊಗೆಯೂ ಹೀಗೆಯೇ. ಇನ್ನೊಂದು ಮಾತು: ಹಿತ್ತಲಿನಲ್ಲಿ ಯಾವುದೇ ಔಷಧಿ ಮುಟ್ಟಿದವರು ಸ್ನಾನ ಮಾಡಿ ಬಟ್ಟೆ ಬದಲಿಸದೆ ಹುಳುಮನೆಯೊಳಗೆ ಕಾಲಿಡಬಾರದು. ಮಡಿಯ ವಿಚಾರದಲ್ಲಿ ಅಷ್ಟು ಕಟ್ಟುನಿಟ್ಟಾಗಿರುವ ನಮ್ಮ ತಾಯಂದಿರಿಗೆ ಇದನ್ನು ಹೆಚ್ಚಾಗಿ ಹೇಳಬೇಕಾಗಿಲ್ಲ.

ಹಾಗಾದರೆ ಹಿಟ್ಟು ತಿಗಣೆಗೆ ಶತ್ರುಗಳೇ ಇಲ್ಲವೇ? ಇದ್ದಾರೆ, ಆದರೆ ಅವರನ್ನು ನಾವೇ ಕೊಲ್ಲುತ್ತಿದ್ದೇವೆ. ಗುಲಗಂಜಿ ಹುಳುವನ್ನು ಎಲ್ಲರೂ ಬಲ್ಲರು. ಅದರ ಒಂದು ಜಾತಿಗೆ ಶಾಸ್ತ್ರಜ್ಞರು ಕ್ರಿಪ್ಟೊಲೀಮಸ್ ಎಂಬ ಹೆಸರಿಟ್ಟಿದ್ದಾರೆ. ಕಪ್ಪು ರೆಕ್ಕೆ, ಕಿತ್ತಳೆ ಬಣ್ಣದ ತಲೆ ಹಾಗೂ ತುದಿ, ನಾಲ್ಕು ಮಿಲಿಮೀಟರಿನಷ್ಟು ಗಾತ್ರ. ಇದರ ತವರು ಆಸ್ಟ್ರೇಲಿಯಾ. ಕಾಫಿ ತೋಟಗಳ ಹಸಿರು ಶಲ್ಕ ಕೀಟವನ್ನು ನಿಗ್ರಹಿಸಲೆಂದು ೧೮೯೮ರಲ್ಲಿ ಇದನ್ನು ಭಾರತಕ್ಕೆ ತರಲಾಯಿತು. ಕರೆತಂದ ಕೆಲಸದಲ್ಲಿ ಅದು ಸೋತಿತು; ಆದರೆ ದಕ್ಷಿಣ ಭಾರತದಲ್ಲಿ ನೆಲೆಯೂರಿ ಹಿಟ್ಟು ತಿಗಣೆಯನ್ನು ತಿನ್ನುವ ಕೆಲಸವನ್ನು ತಾನಾಗಿಯೇ ಹಿಡಿಯಿತು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ದ್ರಾಕ್ಷಿ ತೋಟಗಳಲ್ಲಿ ಅದನ್ನು ಬಿಟ್ಟು ಒಳ್ಳೆಯ ಫಲ ಕಂಡರು. ಕೆರಿಬಿಯನ್ ಸಮುದ್ರದ ಗ್ರೆನೇಡ ಎಂಬ ದ್ವೀಪದಲ್ಲಿ ೧೯೯೪ರಲ್ಲಿ ನಮ್ಮ ದಾಸವಾಳದ ಇದೇ ತಿಗಣೆ ಕಾಣಿಸಿಕೊಂಡು ತೋಟಗಳನ್ನೆಲ್ಲ ಹಾಳುಗೆಡವಿದಾಗಲೂ ಅದನ್ನು ಹತೋಟಿಗೆ ತಂದವುಗಳಲ್ಲಿ ಈ ಗುಲಗಂಜಿ ಹುಳು ಒಂದು, ಪುಟ್ಟ ಕಣಜ ಇನ್ನೊಂದು.

ತೊಂದರೆಯಿರುವುದು ಕ್ರಿಪ್ಟೊಲೀಮಸ್ಸಿನ ಮರಿಯ ವೇಷದಲ್ಲಿ. ಅದರ ಮೈಮೇಲೂ ಬಿಳಿ ಮೇಣದ ಎಳೆಗಳು! ನೋಡಿದವರು ಅದನ್ನೇ ದೊಡ್ಡ ಹಿಟ್ಟು ತಿಗಣೆಯೆಂದು ಬಗೆದು ಹೊಸಕಿಹಾಕುತ್ತಾರೆ. ವ್ಯತ್ಯಾಸ ಕಂಡುಹಿಡಿಯುವುದು ಕಷ್ಟವಲ್ಲ. ಹಿಟ್ಟು ತಿಗಣೆ ಗುಂಪಾಗಿ ಕುಳಿತಲ್ಲೇ ಕುಳಿತಿರುತ್ತದೆ. ಈ ಮರಿ ಒಂಟಿಯಾಗಿ, ಚುರುಕಾಗಿ ಓಡಾಡುತ್ತದೆ, ಬೆಳೆದಾಗ ತಿಗಣೆಯ ಮೂರು ನಾಲ್ಕರಷ್ಟು ಉದ್ದವಿರುತ್ತದೆ, ಎಳೆಗಳೂ ಉದ್ದ. ಕಡ್ಡಿಯಿಂದ ಮೆಲ್ಲನೆ ತಟ್ಟಿ ನೋಡಬೇಕು. ಸರಸರನೆ ನಡೆದರೆ ಅದು ನಮ್ಮವನು, ಬಿಟ್ಟುಬಿಡಬೇಕು. ಒಂದು ಮರಿ ಬೆಳೆದು ದೊಡ್ಡದಾಗುವಷ್ಟರಲ್ಲಿ ನೂರಾರು ಮೊಟ್ಟೆ, ಮರಿಗಳನ್ನು ತಿಂದು ಮುಗಿಸುತ್ತದೆ.

ಇದೇ ವೇಷ ಹಾಕುವ ಇನ್ನೊಬ್ಬ ಅತಿಥಿಯುಂಟು. ಸ್ಪಾಲ್ಗಿಸ್ ಎಂಬ ಬೂದುಬಣ್ಣದ ಚಿಕ್ಕ ಚಿಟ್ಟೆಯ ಮರಿ. ಚಿಟ್ಟೆಯ ಮರಿಗಳೆಂದರೆ ಎಲೆ ತಿನ್ನುವವೆಂದೇ ನಮ್ಮ ತಿಳಿವಳಿಕೆ. ಇದು ಮಾತ್ರ ಹಿಟ್ಟು ತಿಗಣೆಯನ್ನೇ ತಿಂದು ಬದುಕುತ್ತದೆ. ಮೈಗೆಲ್ಲ ಹಿಟ್ಟು ಬಳಿದುಕೊಂಡು ತಿಗಣೆಗಳ ನಡುವೆಯೇ ಅಡಗಿರುತ್ತದೆ. ಅದರ ಕೋಶವನ್ನು ಹತ್ತಿರದಿಂದ ನೋಡಿದರೆ ಕೋತಿಯ ಮುಖದಂತೆ ಕಾಣುತ್ತದೆ. ಮಕ್ಕಳಿಗೆ ಒಮ್ಮೆ ತೋರಿಸಿದರೆ ಅವರು ದಿನವೂ ಹಿತ್ತಲಿಗೆ ಹೋಗಿ ಅದನ್ನು ಹುಡುಕದೆ ಬಿಡರು.

ಪರಂಗಿ ಗಿಡದ ಹಿಟ್ಟು ತಿಗಣೆಯ ಕಥೆ ಬೇರೆಯೇ ಇದೆ. ಅದು ಮೆಕ್ಸಿಕೊ ಕಡೆಯ ಕೀಟ. ಭಾರತದಲ್ಲಿ ೨೦೦೮ರಲ್ಲಿ ಕೊಯಮತ್ತೂರಿನಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡಿತು. ಇಲ್ಲಿ ಅದಕ್ಕೆ ಸಹಜ ಶತ್ರುಗಳಿರಲಿಲ್ಲ. ಪರಂಗಿ, ಮರಗೆಣಸು, ಹಿಪ್ಪುನೇರಳೆ, ದಾಸವಾಳ, ಕಡೆಗೆ ದಾರಿಬದಿಯ ಪಾರ್ಥೇನಿಯಂ ಕಳೆಯ ಮೇಲೂ ಬೆಳೆದು ತಮಿಳುನಾಡಿನ ರೇಷ್ಮೆ ಬೆಳೆಗಾರರನ್ನು ಕಂಗೆಡಿಸಿತು, ಕರ್ನಾಟಕಕ್ಕೂ ಹಬ್ಬಿತು. ಔಷಧಿ ಹೊಡೆದಷ್ಟೂ ಮೇಣದ ಹೊದಿಕೆಯ ಕೆಳಗೆ ಅದು ಉಳಿದುಕೊಳ್ಳುತ್ತಿತ್ತು. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಸ್ಥೆಯವರು ೨೦೧೦ರಲ್ಲಿ ಪೋರ್ಟೊರಿಕೊದಿಂದ ಮೂರು ಜಾತಿಯ ಸೂಕ್ಷ್ಮ ಕಣಜಗಳನ್ನು ತರಿಸಿ, ಪರೀಕ್ಷಿಸಿ, ಬೆಳೆಸಿ, ಅದೇ ವರ್ಷ ತೋಟಗಳಿಗೆ ಬಿಟ್ಟರು. ಅವುಗಳಲ್ಲಿ ಅಸೆರೊಫ್ಯಾಗಸ್ ಎಂಬುದು ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿತು. ಒಂದು ಮಿಲಿಮೀಟರಿಗೂ ಚಿಕ್ಕದಾದ ಆ ಕಣಜ ತಿಗಣೆಯ ಮೈಯೊಳಗೆ ಮೊಟ್ಟೆಯಿಡುತ್ತದೆ. ಮರಿ ಒಳಗಿನಿಂದ ತಿಗಣೆಯನ್ನು ತಿಂದು ಬರಿಯ ಸಿಪ್ಪೆಯನ್ನು ಉಳಿಸಿ ಹೊರಬರುತ್ತದೆ. ಕೆಲವೇ ತಿಂಗಳುಗಳಲ್ಲಿ ಲೀಟರುಗಟ್ಟಲೆ ವಿಷ ಮಾಡಲಾಗದುದನ್ನು ಅದು ಮಾಡಿತು. ಕಣ್ಣಿಗೆ ಕಾಣದ ಈ ಕಣಜಗಳಿಗೆ ರೇಷ್ಮೆ ಬೆಳೆಗಾರರು ಎಷ್ಟು ಋಣಿಗಳೆಂಬುದನ್ನು ಬಲ್ಲವರು ಕಡಿಮೆ.

ಯಾವ ತಿಗಣೆ ಎಂಬುದನ್ನು ಮನೆಯಲ್ಲಿಯೇ ತಿಳಿಯಬಹುದು. ದಾಸವಾಳದ್ದನ್ನು ಹಿಸುಕಿದರೆ ರಸ ನಸುಗೆಂಪು. ಪರಂಗಿಯದ್ದು ಹಳದಿ, ಅದನ್ನು ಒಂದು ಸೀಸೆಯಲ್ಲಿ ಸ್ಪಿರಿಟ್ಟಿಗೆ ಹಾಕಿಟ್ಟರೆ ನೀಲಿಗಪ್ಪು ಬಣ್ಣಕ್ಕೆ ತಿರುಗುತ್ತದೆ. ಪರಂಗಿಯ ತಿಗಣೆಗಳ ನಡುವೆ ಊದಿಕೊಂಡ, ಕಂದುಬಣ್ಣದ, ತೂತುಬಿದ್ದ ಸಿಪ್ಪೆಗಳು ಕಂಡರೆ ಕಣಜ ಆಗಲೇ ಬಂದಿದೆಯೆಂದು ತಿಳಿದು ಗಿಡವನ್ನು ಮುಟ್ಟದೆ ಬಿಡುವುದೇ ಸರಿ.

ಇನ್ನು ಕೈಕೆಲಸ. ಬಾಧೆ ಬಿದ್ದ ಕುಡಿಯನ್ನು ಮೊದಲು ಪರೀಕ್ಷಿಸಿ, ಗುಲಗಂಜಿ ಮರಿಗಳಿದ್ದರೆ ಬೇರೆ ಕೊಂಬೆಗೆ ಬಿಡಿಸಿ, ಆಮೇಲೆ ಕುಡಿಗೆ ಪ್ಲಾಸ್ಟಿಕ್ ಚೀಲ ತೊಡಿಸಿ ಕತ್ತರಿಸಬೇಕು. ಬರಿಗೈಯಲ್ಲಿ ಮುರಿದರೆ ಮರಿಗಳು ಕೆಳಗುದುರಿ ಇನ್ನೊಂದು ಗಿಡ ಹತ್ತುತ್ತವೆ. ಕತ್ತರಿಸಿದ್ದನ್ನು ತಿಪ್ಪೆಗೆ ಎಸೆಯದೆ ಸುಡಬೇಕು. ಉಳಿದ ಗಿಡಕ್ಕೆ ಪೈಪಿನಿಂದ ಎಲೆಯ ಅಡಿಭಾಗಕ್ಕೆ ಬೀಳುವಂತೆ ರಭಸವಾಗಿ ನೀರು ಹಾಯಿಸಿದರೆ ಅರ್ಧ ತೊಂದರೆ ಕಳೆಯುತ್ತದೆ. ಮಿಕ್ಕಿದ್ದಕ್ಕೆ ಒಂದು ಲೀಟರ್ ನೀರಿಗೆ ಐದು ಗ್ರಾಂ ಬಟ್ಟೆ ಸೋಪನ್ನು ಕರಗಿಸಿ ಸಂಜೆ ಸಿಂಪಡಿಸಿ, ಮರುದಿನ ಬೆಳಿಗ್ಗೆ ಬರಿಯ ನೀರಿನಿಂದ ತೊಳೆಯಬೇಕು. ಮೊಟ್ಟೆಗಳು ಮೇಣದ ಚೀಲದೊಳಗೆ ಉಳಿಯುವುದರಿಂದ ವಾರಕ್ಕೊಮ್ಮೆಯಂತೆ ಮೂರು ನಾಲ್ಕು ಸಲ ಮಾಡದೆ ಫಲವಿಲ್ಲ. ಒಮ್ಮೆ ಮಾಡಿ ‘ಏನೂ ಆಗಲಿಲ್ಲ’ ಎಂದು ಅಂಗಡಿಗೆ ಹೋಗುವವರೇ ಹೆಚ್ಚು. ಸೋಪಿನ ನೀರೂ ಹಿಪ್ಪುನೇರಳೆಯ ಮೇಲೆ ಬೀಳದಂತೆ ನೋಡಿಕೊಳ್ಳಬೇಕು.

ಇರುವೆಯನ್ನು ಮರೆಯಬಾರದು. ತಿಗಣೆ, ಹೇನುಗಳು ಹೊರಬಿಡುವ ಸಿಹಿ ಅಂಟಿಗಾಗಿ ಇರುವೆಗಳು ಅವನ್ನು ಹಸು ಸಾಕಿದಂತೆ ಸಾಕುತ್ತವೆ, ಹೊಸ ಕೊಂಬೆಗೆ ಹೊತ್ತೊಯ್ಯುತ್ತವೆ, ಗುಲಗಂಜಿ ಹುಳು ಬಂದರೆ ಓಡಿಸುತ್ತವೆ. ಎಲೆಗಳ ಮೇಲೆ ಮಸಿಯಂತಹ ಕಪ್ಪು ಬೂಷ್ಟು ಕಂಡರೆ ಮೇಲೆಲ್ಲೋ ಈ ಅಂಟು ಸುರಿಯುತ್ತಿದೆಯೆಂದೇ ಅರ್ಥ. ಕಾಂಡಕ್ಕೆ ಒಂದು ಗೇಣು ಅಗಲದ ಬಟ್ಟೆ ಸುತ್ತಿ, ಅದರ ಮೇಲೆ ಗ್ರೀಸ್ ಬಳಿದು, ನೆಲಕ್ಕೆ ತಾಗುವ ಕೊಂಬೆಗಳನ್ನು ಸವರಿದರೆ ಇರುವೆಯ ದಾರಿ ಕಡಿಯುತ್ತದೆ.

ಹಿಪ್ಪುನೇರಳೆ ತೋಟಕ್ಕೆ ಟುಕ್ರಾ ಬಿದ್ದಲ್ಲಿ ಮುದುಡಿದ ಕುಡಿಗಳನ್ನು ಚೀಲಕ್ಕೆ ಕತ್ತರಿಸಿ ಸುಡುವುದೇ ಮೊದಲ ಕೆಲಸ. ಅನಂತರ ಎಕರೆಗೆ ೨೫೦ ಕ್ರಿಪ್ಟೊಲೀಮಸ್ ಹುಳುಗಳನ್ನು ಎರಡು ಕಂತುಗಳಲ್ಲಿ, ಆರು ತಿಂಗಳ ಅಂತರದಲ್ಲಿ ಬಿಡುವಂತೆ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯ ಶಿಫಾರಸಿದೆ. ಹುಳು ಎಲ್ಲಿ ದೊರೆಯುತ್ತದೆ, ಯಾವ ಔಷಧಿಗೆ ಎಷ್ಟು ದಿನ ಸೊಪ್ಪು ಮುಟ್ಟಬಾರದು ಎಂಬುದನ್ನು ರೇಷ್ಮೆ ಇಲಾಖೆಯ ತಾಂತ್ರಿಕ ಸೇವಾ ಕೇಂದ್ರದಲ್ಲಿ ಕೇಳಿಯೇ ಮುಂದುವರಿಯಬೇಕು. ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಮಹಾವಿದ್ಯಾಲಯವೂ, ಅಲ್ಲಿಯೇ ಕುರುಬೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರವೂ ಇರುವುದು ಈ ಭಾಗದವರ ಭಾಗ್ಯ. ಬಾಧೆ ಬಿದ್ದ ಕುಡಿಯೊಂದನ್ನು ಚೀಲದಲ್ಲಿ ಕಟ್ಟಿಕೊಂಡು ಹೋಗಿ ತೋರಿಸಿದರೆ ಅಂಗಡಿಯವನ ಊಹೆಗಿಂತ ಒಳ್ಳೆಯ ಸಲಹೆ ಸಿಕ್ಕೀತು.

ಉಳಿದ ಕೀಟಗಳ ಮಾತು ಇಷ್ಟು ದೀರ್ಘವಲ್ಲ. ಎಕ್ಕ, ಕಣಗಿಲೆಗಳ ಕುಡಿಗೆ ಅರಿಶಿನದಂತೆ ಮುತ್ತುವ ಹೇನು, ಸೇವಂತಿಗೆಯ ತೊಟ್ಟಿಗೆ ಮುತ್ತುವ ಕಡುಕಂದು ಹೇನು ಎರಡಕ್ಕೂ ನೀರಿನ ರಭಸ ಸಾಕು. ಹೇನು ಗಂಡಿನ ಹಂಗಿಲ್ಲದೆ ನೇರವಾಗಿ ಮರಿ ಹಾಕುವುದರಿಂದ ನಾಲ್ಕು ದಿನ ಬಿಟ್ಟರೆ ಗಿಡ ತುಂಬುತ್ತದೆ, ದಿನವೂ ಕಣ್ಣಾಡಿಸಬೇಕು. ಗುಲಾಬಿಯ ಮೊಗ್ಗು ಅರಳದೆ ಅಂಚು ಕಂದಿದರೆ ಅದನ್ನು ಬಿಳಿಯ ಕಾಗದದ ಮೇಲೆ ಕುಟ್ಟಿ ನೋಡಬೇಕು. ದಾರದ ಚೂರಿನಂತಹ ಸಣ್ಣ ಕೀಟಗಳು ಓಡಾಡಿದರೆ ಅವು ಥ್ರಿಪ್ಸ್. ಅಂತಹ ಮೊಗ್ಗುಗಳನ್ನು ಕಿತ್ತು ಸುಡಬೇಕು. ಎಲೆ ಕಂಚಿನ ಬಣ್ಣಕ್ಕೆ ತಿರುಗಿ ಅಡಿಯಲ್ಲಿ ನವಿರಾದ ಬಲೆ ಕಂಡರೆ ಅದು ಕೆಂಪು ನುಸಿ. ಎಂಟು ಕಾಲಿನ ಈ ನುಸಿ ಕೀಟವೇ ಅಲ್ಲ, ಜೇಡದ ಬಂಧು. ಕೀಟನಾಶಕ ಹೊಡೆದರೆ ಅದನ್ನು ತಿನ್ನುವ ಜೀವಿಗಳು ಸತ್ತು ನುಸಿ ಇಮ್ಮಡಿಯಾಗುತ್ತದೆ. ಎಲೆಯಡಿಗೆ ನೀರು ಚಿಮುಕಿಸಿ ತೇವವಿರಿಸುವುದೇ ಮದ್ದು.

ಬಿಲ್ವದ ಎಳೆಯ ಪತ್ರೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಕಪ್ಪುಬಿಳುಪಿನ ವಸ್ತು ಅಲುಗಾಡಿದರೆ ಬೆದರಬೇಕಾಗಿಲ್ಲ. ಅದು ನಿಂಬೆ ಚಿಟ್ಟೆಯ ಮರಿ. ಬೆಳೆದ ಮೇಲೆ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕೊಂಬು ಚಾಚಿ ವಾಸನೆ ಬೀರುತ್ತದೆ. ಚಿಕ್ಕ ಸಸಿಯಾದರೆ ಎಲೆಯ ಸಮೇತ ಎತ್ತಿ ಬೇರೆಡೆಗೆ ಬಿಟ್ಟರಾಯಿತು. ದೊಡ್ಡ ಮರಕ್ಕೆ ಅದರಿಂದಾಗುವ ನಷ್ಟ ಗಣನೆಗೆ ಬಾರದು.

ಪತ್ರೆ, ಪುಷ್ಪಗಳ ವಿಷಯದಲ್ಲಿ ಇನ್ನೂ ಒಂದು ವಿಚಾರವಿದೆ. ಔಷಧಿ ಹೊಡೆದ ಗಿಡದ ಹೂವನ್ನೇ ಮರುದಿನ ಕೊಯ್ದು ಪೂಜೆಗಿಟ್ಟು, ಪ್ರಸಾದವೆಂದು ಮಕ್ಕಳ ಕೈಗೆ ಕೊಡುವುದನ್ನೂ, ಪತ್ರೆಯನ್ನು ಬಾಯಿಗೆ ಹಾಕಿಕೊಳ್ಳುವುದನ್ನೂ ನಾವು ಕಂಡಿದ್ದೇವೆ. ಗುಲಾಬಿ ತೋಟಗಳ ವ್ಯಾಪಾರದ ಹೂವಿನ ಮೇಲೆ ನಮಗೆ ಹಿಡಿತವಿಲ್ಲ. ಹಿತ್ತಲಿನ ಹೂವಿನ ಮೇಲೆ ಇದೆ. ಪೂಜೆಗೆ ಮೀಸಲಾದ ಎರಡು ಮೂರು ಗಿಡಗಳನ್ನಾದರೂ ನೀರು, ಸೋಪು, ಕತ್ತರಿಗಳಿಂದಲೇ ಕಾಪಾಡಿಕೊಳ್ಳುವ ನಿಯಮವನ್ನು ಪ್ರತಿ ಮನೆಯೂ ಹಾಕಿಕೊಳ್ಳಬಹುದು.

ದಾಸವಾಳವನ್ನು ತೋಟದ ಬೇಲಿಯಾಗಿ ನೆಡಬೇಕೆಂದಿರುವವರು ಆ ಯೋಚನೆಯನ್ನು ಕೈಬಿಡುವುದು ಲೇಸು. ಈಗಾಗಲೇ ಬೆಳೆದಿರುವ ಗಿಡಗಳನ್ನು ಬೇಸಿಗೆ ಬಲಿಯುವ ಮುನ್ನ, ಶಿವರಾತ್ರಿಯ ಸುಮಾರಿಗೆ, ಒಮ್ಮೆ ಚೆನ್ನಾಗಿ ಸವರಿ ಕುಡಿಗಳನ್ನು ಸುಡಬೇಕು. ಬೇಲಿಯಂಚಿನ ಪಾರ್ಥೇನಿಯಂ ಕಳೆಯನ್ನು ಹೂ ಬಿಡುವ ಮೊದಲೇ, ಕೈಗೆ ಚೀಲ ಸುತ್ತಿಕೊಂಡು, ಬೇರುಸಹಿತ ಕೀಳಬೇಕು.